ನಾಸ್ತಿಕರ ಪರವಾಗಿ ಶ್ರೀಗೌರಿ

ತೊಂಬತ್ತರ ದಶಕದಲ್ಲಿ ನಮ್ಮ ಹಾಸನದ ಕಡೆ ‘ದೇವರಿದ್ದಾನೆಯೇ?’ ಎಂದು ಯಾರಾದರೂ ಚರ್ಚೆ ಏರ್ಪಡಿಸಿದರೆ, ಇದ್ದಾನೆ ಎನ್ನುವವರಿಗೆ ಬರ ಇರಲಿಲ್ಲ. ಶಾಮಿಯಾನ ಕಟ್ಟುವವನಿಂದ ಹಿಡಿದು ಉಪ್ಪಿಟ್ಟು ಬಡಿಸುವವನವರೆಗೆ ಎಲ್ಲರೂ ಆ ಪಕ್ಷದವರೇ. ಇಲ್ಲ ಎನ್ನಲು ಒಬ್ಬರಾದರೂ ಬೇಕಲ್ಲ? ಆಗ ಸಂಘಟಕರು ಚನ್ನರಾಯಪಟ್ಟಣಕ್ಕೆ ಫೋನು ಮಾಡುತ್ತಿದ್ದರು. ಅಲ್ಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಶ್ರೀಗೌರಿ ಮೇಡಂ ಬಸ್ಸು ಹತ್ತಿ ಬಂದು, ಇಪ್ಪತ್ತು ನಿಮಿಷದಲ್ಲಿ ದೇವರನ್ನು ಇಲ್ಲವಾಗಿಸಿ, ಶಾಲು ಹೊದೆಸಿಕೊಂಡು ಸಂಜೆಯ ಬಸ್ಸಿಗೆ ವಾಪಸಾಗುತ್ತಿದ್ದಳು. ಹೆಸರಿನಲ್ಲೇ ಲಕ್ಷ್ಮಿ, ಪಾರ್ವತಿ ಇಬ್ಬರನ್ನೂ ಇಟ್ಟುಕೊಂಡವಳು ಈ ಕೆಲಸಕ್ಕೆ ಸಿಕ್ಕದ್ದು ಸಂಘಟಕರಿಗೆ ಇನ್ನೊಂದು ಆಕರ್ಷಣೆ. ಕರಪತ್ರದಲ್ಲಿ ಅವಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತಿದ್ದರು.

ಜಿಲ್ಲೆಯಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಇದ್ದ ನಾಸ್ತಿಕರು ಅವಳನ್ನು ತಮ್ಮ ದನಿ ಎಂದುಕೊಂಡಿದ್ದರು. ಆ ದನಿಯ ಒಡತಿ ದಿನಾ ಬೆಳಿಗ್ಗೆ ಕದ ಹಾಕಿಕೊಂಡು, ದೀಪ ಹಚ್ಚಿ, ನೂರೆಂಟು ನಾಮ ಹೇಳಿಯೇ ಕಾಫಿ ಕುಡಿಯುತ್ತಿದ್ದಳು ಎಂಬುದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು ಅವಳ ಅಪ್ಪ. ಇನ್ನೊಬ್ಬಳು ಹಾಸನದ ಕಾನ್ವೆಂಟಿನಲ್ಲಿ ಹತ್ತು ವರ್ಷ ಅವಳ ಪಕ್ಕದಲ್ಲಿ ಕೂತಿದ್ದ ನಾನು. ಬೆಳಿಗ್ಗೆ ಸಿಸ್ಟರುಗಳ ಜೊತೆ ಏಸುವಿಗೆ, ಸಂಜೆ ಮನೆಯಲ್ಲಿ ಈಶನಿಗೆ ಕೈಮುಗಿದು ಬೆಳೆದವರು ನಾವು. ಯಾರನ್ನೂ ಬೇಡ ಎಂದು ನಮಗೆ ಅಭ್ಯಾಸವೇ ಇರಲಿಲ್ಲ.

ಹಾಗಾದರೆ ಇವಳು ಹನ್ನೊಂದು ವರ್ಷ ನಾಸ್ತಿಕರ ಪರ ಮಾತಾಡಿದ್ದೇಕೆ? ಒಬ್ಬ ಮನುಷ್ಯನ ಮೇಲಿನ ಹಗೆಗೆ. ದೇವರು ಈ ವ್ಯವಹಾರದಲ್ಲಿ ಮೂರನೆಯವನು.

ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಗೆ ಒಂದು ಸಣ್ಣ ಈಶ್ವರನ ಗುಡಿ. ಮೂರು ದಾಯಾದಿ ಮನೆಗಳವರು ಅಲ್ಲಿ ಸರದಿಯ ಮೇಲೆ ಪೂಜೆ ಮಾಡುತ್ತಿದ್ದರು, ಒಂದೊಂದು ಮನೆಗೆ ನಾಲ್ಕು ತಿಂಗಳು. ಶ್ರೀಗೌರಿಯ ಅಪ್ಪ ನಂಜುಂಡಯ್ಯನವರದು ಕಾರ್ತೀಕದಿಂದ ಮಾಘದವರೆಗೆ. ಅಂದರೆ ಕಾರ್ತೀಕ ಸೋಮವಾರಗಳೂ ಅವರಿಗೇ, ಶಿವರಾತ್ರಿಯೂ ಅವರಿಗೇ. ಉಳಿದ ಎರಡು ಮನೆಗಳವರು ಈ ನಾಲ್ಕು ತಿಂಗಳನ್ನು, ಬೇರೆಯವರ ಎಲೆಯ ಮೇಲಿನ ಹೋಳಿಗೆಯನ್ನು ನೋಡುವ ಹಾಗೆ ನೋಡುತ್ತಿದ್ದರು. ನಂಜುಂಡಯ್ಯನವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಅವರು ನಸುಕಿಗೆ ಎದ್ದು, ಹನ್ನೆರಡು ಮೆಟ್ಟಿಲು ಹೊಳೆಗಿಳಿದು, ಹಿತ್ತಾಳೆ ಬಿಂದಿಗೆಯನ್ನು ಹೆಗಲಿಗೇರಿಸಿ ಬಂದು ಶಿವನ ತಲೆಗೆ ನೀರೆರೆದರೆಂದರೆ ಅವರ ಲೋಕ ಸರಿಯಾಯಿತು.

ಆ ದಾಯಾದಿಗಳಲ್ಲಿ ಒಬ್ಬ ಗಿರಿಧರ. ಕಚೇರಿಯೊಂದರಲ್ಲಿ ಶಿರಸ್ತೇದಾರ, ಗುಡಿಯ ಸೇವಾ ಸಮಿತಿಗೆ ಕಾರ್ಯದರ್ಶಿ. ಹೆಸರು ಸಮಿತಿಯಾದರೂ ಆತನ ಅಧಿಕಾರಕ್ಕೆ ಮಿತಿ ಇರಲಿಲ್ಲ. ಗುಡಿಯಲ್ಲಿ ಗಂಟೆ ಬಾರಿಸುವ ಮೊದಲೂ ನಡವಳಿ ಪುಸ್ತಕದಲ್ಲಿ ಬರೆಯಬೇಕು ಎನ್ನುವ ಸ್ವಭಾವ.

೧೯೯೧ರಲ್ಲಿ ಗಿರಿಧರ ತನ್ನ ತಂದೆಯ ನೆನಪಿಗೆ ಕಾಲೇಜು ಮಕ್ಕಳಿಗೆ ಚರ್ಚಾ ಸ್ಪರ್ಧೆ ಇಟ್ಟ. ವಿಷಯ, ‘ದೇವರು ಇದ್ದಾನೆ’. ಯಾರು ಪರ, ಯಾರು ವಿರೋಧ ಎನ್ನುವುದಕ್ಕೆ ಚೀಟಿ. ಇಬ್ಬಿಬ್ಬರಂತೆ ಕರೆದು ಬಿಸ್ಕತ್ತಿನ ಡಬ್ಬದಿಂದ ಚೀಟಿ ಎತ್ತಿಸುತ್ತಿದ್ದರು. ಊರಿನವರು ದೇವರ ವಿಷಯದಲ್ಲಿ ಯಾರೂ ಯಾರನ್ನೂ ಬೈದುಕೊಳ್ಳಬಾರದೆಂದು ಮಾಡಿಕೊಂಡ ಏರ್ಪಾಟು ಅದು. ಇಲ್ಲ ಎಂದವನನ್ನು ಕೇಳಿದರೆ ಅವನು ಡಬ್ಬ ತೋರಿಸಿದರಾಯಿತು. ಸಮಯ ಮುಗಿಯಿತೆಂದು ಗಂಟೆ ಹೊಡೆಯುವ ಕೆಲಸ ನನ್ನದು. ಗಂಟೆ ಆ ಗುಡಿಯದೇ.

ಶ್ರೀಗೌರಿಯ ಜೋಡಿ ಗಿರಿಧರನ ಮಗ ಸಮರ್ಥ. ಅವನು ಮೊದಲು ಕೈ ಹಾಕಿ ‘ಪರ’ ಎತ್ತಿದ. ಉಳಿದದ್ದು ಇವಳಿಗೆ. ಬಿಚ್ಚಿ ನೋಡಿ ಬಿಳಿಚಿಕೊಂಡಳು.

“ಗಿರಿಧರ ಚಿಕ್ಕಪ್ಪ, ನನ್ನ ಕೈಲಾಗಲ್ಲ. ಇಲ್ಲ ಅಂತ ನಾನು ಹೇಗೆ ಹೇಳಲಿ? ಅಪ್ಪ ಎದುರಿಗೇ ಕೂತಿದ್ದಾರೆ.”

“ಅಯ್ಯೋ ಹುಚ್ಚಿ, ಸ್ಪರ್ಧೆ ಕಣಮ್ಮ ಇದು. ಕಳ್ಳನ ಪರ ವಾದ ಮಾಡಿದ್ರೆ ವಕೀಲ ಕಳ್ಳ ಆಗ್ತಾನಾ? ಹೋಗು. ದೇವರಿಲ್ಲ ಅಂತ ಹೇಳು, ಚೆನ್ನಾಗಿ ಹೇಳು.”

ಅವಳು ಚೆನ್ನಾಗಿಯೇ ಹೇಳಿದಳು. “ನಮ್ಮಪ್ಪ ಮೂವತ್ತು ವರ್ಷದಿಂದ ದೇವರಿಗೆ ಸ್ನಾನ ಮಾಡಿಸುತ್ತಾರೆ, ಬಟ್ಟೆ ಉಡಿಸುತ್ತಾರೆ, ಊಟಕ್ಕಿಡುತ್ತಾರೆ. ಒಂದು ದಿನವಾದರೂ ಆತ, ‘ನಂಜುಂಡಯ್ಯ, ಇವತ್ತು ನಿನಗೆ ಜ್ವರ, ನೀನು ಮಲಗು, ನಾನೇ ನೀರು ಹಾಕಿಕೊಳ್ಳುತ್ತೇನೆ’ ಎಂದಿಲ್ಲ. ಒಳಗೆ ಯಾರಾದರೂ ಇದ್ದಿದ್ದರೆ ಅಷ್ಟು ಹೇಳುತ್ತಿರಲಿಲ್ಲವೇ?” ಸಭೆ ಬಿದ್ದುಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನಂಜುಂಡಯ್ಯನವರೇ. ಸಮರ್ಥ ಎರಡನೆಯ ಶ್ಲೋಕದ ಮಧ್ಯೆ ಸಿಕ್ಕಿಕೊಂಡು, ಮೊದಲನೆಯದನ್ನೇ ಇನ್ನೊಮ್ಮೆ ಹೇಳಿ ಕೂತ. ದೇವರಿಲ್ಲವೆಂದು ತೋರಿಸಿಕೊಟ್ಟದ್ದಕ್ಕೆ ಶ್ರೀಗೌರಿಗೆ ಸರಸ್ವತಿಯ ಚಿತ್ರವಿದ್ದ ಫಲಕ ಸಿಕ್ಕಿತು. ಕೊಟ್ಟವನು ಗಿರಿಧರ. ಅವನ ಮುಖ ಆಗಲೇ ಗಂಟಿಕ್ಕಿತ್ತು. ನನ್ನ ಕೈಯಲ್ಲಿ ಬೇರೆ ಗಂಟೆ ಇದ್ದದ್ದರಿಂದ ನಾನು ಗಮನ ಕೊಡಲಿಲ್ಲ.

ಮೂರನೆಯ ದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸುದ್ದಿ ಬಂತು. ‘ದೇವರಿಲ್ಲ: ಅರ್ಚಕರ ಪುತ್ರಿ ಘೋಷಣೆ’. ಚೀಟಿಯ ಮಾತೇ ಇಲ್ಲ. ಸುದ್ದಿ ಬರೆದು ಕಳಿಸಿದವರು ಯಾರೆಂದು ಕೇಳುವ ಅಗತ್ಯ ಇರಲಿಲ್ಲ. ಆ ಧಾಟಿಯಲ್ಲೇ ಗುಡಿಯ ನಡವಳಿಗಳೆಲ್ಲ ಇದ್ದವು.

ಭಾನುವಾರ ಸಮಿತಿ ಸಭೆ. ಗಿರಿಧರ ಪತ್ರಿಕೆಯ ತುಣುಕು ಓದಿ, ಕನ್ನಡಕ ತೆಗೆದು, “ಮನೆಯಲ್ಲಿ ದೇವರಿಲ್ಲ ಅನ್ನೋರು ಗರ್ಭಗುಡಿಗೆ ಹೇಗೆ ಬರ್ತಾರೆ? ಭಕ್ತರು ನಮ್ಮನ್ನ ಕೇಳ್ತಿದ್ದಾರೆ” ಎಂದ.

ನಂಜುಂಡಯ್ಯನವರಿಗೆ ಇದು ತಮಾಷೆ ಎಂದೇ ಅನ್ನಿಸಿತ್ತು. “ಅಲ್ವೋ ಗಿರಿ, ಚೀಟಿ ಎತ್ತಿಸಿದವನು ನೀನೇ ಅಲ್ವೇನೋ?”

ಗಿರಿಧರ ಅವರನ್ನೇ ನೋಡಿ ನಿಧಾನಕ್ಕೆ ಹೇಳಿದ. “ಯಾವ ಚೀಟಿ ನಂಜುಂಡಣ್ಣ?”

ಸ್ಪರ್ಧೆ ನೋಡಿದ್ದ ಐದು ಜನ ಆ ಸಭೆಯಲ್ಲೂ ಇದ್ದರು. ಒಬ್ಬರು ಛಾವಣಿ ನೋಡಿದರು, ಒಬ್ಬರು ಪಂಚೆಯ ಅಂಚು ನೋಡಿದರು. ಮಗಳು ಎಲ್ಲರೆದುರು ತಪ್ಪೊಪ್ಪಿ ಪ್ರಾಯಶ್ಚಿತ್ತ ಮಾಡಿಕೊಂಡರೆ ಸರದಿ ಉಳಿಯುತ್ತದೆ, ಇಲ್ಲವಾದರೆ ಗಿರಿಧರನ ಮನೆಗೆ ಹೋಗುತ್ತದೆ ಎಂದು ತೀರ್ಮಾನವಾಯಿತು. “ಮಾಡದ ತಪ್ಪಿಗೆ ನನ್ನ ಮಗಳು ತಲೆ ಬಾಗಿಸಲ್ಲ” ಎಂದು ನಂಜುಂಡಯ್ಯನವರು ಸೊಂಟದಿಂದ ಬೀಗದಕೈ ಬಿಚ್ಚಿಟ್ಟು ಎದ್ದು ಬಂದರು. ಆಗ ಅವರಿಗೆ ಐವತ್ತಾರು.

ಮರುದಿನ ನಾನು ಹೋದಾಗ ಶ್ರೀಗೌರಿ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಕಾಯಿ ಮುಗಿದು ಚಿಪ್ಪೂ ತುರಿಯಾಗುತ್ತಿತ್ತು.

“ಯಾವ ಚೀಟಿ ಅಂದ್ರಂತೆ,” ಎಂದಳು. “ಯಾವ ಚೀಟಿ ಅಂತ ಅವರ ಬಾಯಲ್ಲೇ ಹೇಳಿಸ್ತೀನಿ. ಮೈಕಿನಲ್ಲಿ. ಅವರೇ ಬಂದು ಅಪ್ಪನ ಕೈಗೆ ಬೀಗದಕೈ ಕೊಡಬೇಕು.”

“ಹೇಗೆ?”

“ನಾಸ್ತಿಕಳು ಅಂದ್ರಲ್ಲ. ಆಗ್ತೀನಿ. ಅವರಿಗೆ ಸಾಕಪ್ಪಾ ಸಾಕು ಅನ್ನಿಸೋ ಹಾಗೆ ಆಗ್ತೀನಿ.”

ಅವಳು ಎಂಎಸ್ಸಿ ಮುಗಿಸಿ ಚನ್ನರಾಯಪಟ್ಟಣದಲ್ಲಿ ಕೆಲಸಕ್ಕೆ ಸೇರಿದಳು. ೧೯೯೩ರಲ್ಲಿ ಅರಕಲಗೂಡಿನ ಒಂದು ಯುವಕ ಸಂಘದವರು ಅವಳನ್ನು ಚರ್ಚೆಗೆ ಕರೆದರು. ಮೈಕಿನ ಮುಂದೆ ನಿಂತು ಕೈ ಜೋಡಿಸಿ ಶುರು ಮಾಡಿದಳು.

“ನನಗೆ ‘ದೇವರಿಲ್ಲ ಅಂತ ಹೇಳು, ಚೆನ್ನಾಗಿ ಹೇಳು’ ಎಂದು ಮೊಟ್ಟಮೊದಲು ಹೇಳಿಕೊಟ್ಟ ಗುರುಗಳು, ನಮ್ಮ ಹೊಳೆನರಸೀಪುರದ ಶ್ರೀ ಗಿರಿಧರ ಅವರು. ಅವರಿಲ್ಲದಿದ್ದರೆ ನಾನು ಈ ವೇದಿಕೆಯ ಮೇಲೆ ಇರುತ್ತಿರಲಿಲ್ಲ. ಆ ಮಹನೀಯರಿಗೆ ವಂದಿಸಿ ನನ್ನ ಮಾತು ಆರಂಭಿಸುತ್ತೇನೆ.”

ಅದರಲ್ಲಿ ಒಂದೇ ಒಂದು ಸುಳ್ಳಿಲ್ಲ. ಕೋರ್ಟಿನಲ್ಲಿ ನಿಲ್ಲಿಸಿದರೂ ಒಂದಕ್ಷರ ತೆಗೆಯುವ ಹಾಗಿಲ್ಲ.

ಅಲ್ಲಿಂದ ಮುಂದೆ ಹಾಸನ, ಬೇಲೂರು, ಕಟ್ಟಾಯ, ಎಲ್ಲಿ ಮಾತಾಡಿದರೂ ಮೊದಲು ಗುರುವಂದನೆ. ಆಮೇಲೆ ದೇವನಿಂದನೆ. ಪತ್ರಿಕೆಯವರು ಎರಡನ್ನೂ ಬರೆದುಕೊಂಡರು. ಎರಡು ವರ್ಷ ಗಿರಿಧರ ಗಮನಿಸಲಿಲ್ಲ. ಮೂರನೆಯ ವರ್ಷ ಜಿಲ್ಲೆಯ ವಿಚಾರವಾದಿ ಬಳಗವೊಂದು ಅವನ ಮನೆಗೆ ಅಭಿನಂದನಾ ಪತ್ರ ಕಳಿಸಿತು. ನಾಲ್ಕನೆಯ ವರ್ಷ ಕರಪತ್ರಗಳ ಕಟ್ಟು ಬಂತು, ‘ದಯವಿಟ್ಟು ತಮ್ಮ ಊರಿನಲ್ಲಿ ಹಂಚುವುದು’. ಅಂಚೆಯ ಬಸವರಾಜು ಅದನ್ನು ಬೀದಿಯಲ್ಲೇ ಎತ್ತಿ ಹಿಡಿದು, “ಗಿರಿಧರಪ್ನೋರೇ, ನಿಮ್ಮ ದೇವ್ರಿಲ್ದೋರ್ ಸಂಘದಿಂದ ಬಂದದೆ ಸಾ!” ಎಂದು ಕೂಗಿದನಂತೆ. ದೇವರಿಲ್ಲದವರ ಗಾಡ್‌ಫಾದರ್ ಎಂಬ ಹೆಸರು ನಾನು ಇಟ್ಟದ್ದು ಎಂದು ಗಿರಿಧರ ಇವತ್ತಿಗೂ ನಂಬಿದ್ದಾನೆ. ನಾನೇನೂ ಅಲ್ಲಗಳೆದಿಲ್ಲ.

ಇಕ್ಕಟ್ಟು ಏನೆಂದರೆ, ಅವನು ಬಾಯಿ ಬಿಡುವ ಹಾಗಿರಲಿಲ್ಲ. ‘ನಾನು ಅವಳಿಗೆ ಕಲಿಸಲಿಲ್ಲ’ ಎನ್ನಬೇಕಾದರೆ, ಹಾಗೆ ಹೇಳೆಂದು ಯಾವಾಗ ಯಾಕೆ ಹೇಳಿದೆ ಎನ್ನುವುದು ಬರುತ್ತದೆ. ಹೇಳಿದರೆ ಚೀಟಿ ಬರುತ್ತದೆ. ಚೀಟಿ ಬಂದರೆ ನಂಜುಂಡಯ್ಯನವರ ಸರದಿ ಬರುತ್ತದೆ. ಅವನೇ ಕಟ್ಟಿದ ಗಂಟು, ಬಿಚ್ಚಬೇಕಾದರೆ ಅವನದೇ ಹಲ್ಲು ಬೇಕು.

ಇತ್ತ ಶ್ರೀಗೌರಿಗೂ ಸುಖವಿರಲಿಲ್ಲ. ಗುರುತಿನವರಿರುವ ಯಾವ ಗುಡಿಗೂ ಹೋಗುವಂತಿಲ್ಲ. ಕುಂಕುಮ ಇಡುವಂತಿಲ್ಲ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟಮೇಲೆ ನುಗ್ಗೇಹಳ್ಳಿಯ ಬಸ್ಸು ಹತ್ತಿ, ಯಾರೂ ಇಲ್ಲದ ಹೊತ್ತು ನೋಡಿ ಅಲ್ಲಿಯ ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದಳು. ಒಮ್ಮೆ ಮೂರನೆಯ ಸುತ್ತಿನಲ್ಲಿ ಅವಳ ವಿದ್ಯಾರ್ಥಿನಿ ರೂಪಶ್ರೀ ಎದುರಾದಳು.

“ಮೇಡಂ, ನೀವು ಇಲ್ಲಿ?”

“ಶಿಲ್ಪ ನೋಡ್ತಿದೀನಮ್ಮ. ಎಂಥ ಕೆತ್ತನೆ ನೋಡು!”

ಹೊಯ್ಸಳರು ಅಷ್ಟು ಚೆನ್ನಾಗಿ ಕೆತ್ತಿಸಿದ್ದು, ಮುಂದೊಂದು ಕಾಲಕ್ಕೆ ಒಬ್ಬಳು ನಾಸ್ತಿಕಳಿಗೆ ನೆಪ ಬೇಕಾದೀತು ಎಂದೇ ಇರಬೇಕು.

ನಂಜುಂಡಯ್ಯನವರು ಮಗಳಿಗೆ ಮಾತಾಡು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅವರು ಪ್ರತಿದಿನ ನಸುಕಿಗೆ ಹನ್ನೆರಡು ಮೆಟ್ಟಿಲು ಇಳಿದು, ಬಿಂದಿಗೆ ಹೊತ್ತು, ಗುಡಿಯ ಬಾಗಿಲ ಮುಂದೆಯೇ ಹಾದು, ನೀರನ್ನು ಮನೆಗೆ ತರುತ್ತಿದ್ದರು. ಮನೆಯಲ್ಲಿ ನಲ್ಲಿ ಇತ್ತು. “ಹೆಗಲಿಗೆ ಮರೆತುಹೋಗಬಾರದು” ಎನ್ನುತ್ತಿದ್ದರು. ಅರವತ್ತಾದ ಮೇಲೆ ಮೆಟ್ಟಿಲಲ್ಲಿ ಒಂದು ಸಲ ನಿಲ್ಲುತ್ತಿದ್ದರು. ಅರವತ್ತಮೂರಕ್ಕೆ ಎರಡು ಸಲ. ಶ್ರೀಗೌರಿ ಊರಿಗೆ ಬಂದಾಗಲೆಲ್ಲ ಕಿಟಕಿಯಿಂದ ನೋಡಿ ಎಣಿಸುತ್ತಿದ್ದಳು. ಎಣಿಸಿ ಬಂದ ವಾರದ ಭಾಷಣದಲ್ಲಿ ಗುರುವಂದನೆ ಉದ್ದವಾಗುತ್ತಿತ್ತು.

ಈ ಹಗೆಯ ನಡುವೆ ಒಬ್ಬ ನಿಜವಾದ ನಾಸ್ತಿಕ ಬಂದು ನಿಂತ.

೧೯೯೮ರಲ್ಲಿ ಹಾಸನದ ಸಭೆಯೊಂದು ಮುಗಿದ ಮೇಲೆ ಒಬ್ಬ ನಡುವಯಸ್ಸಿನ ರೈತ ಟವಲ್ಲು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಅವಳ ಹತ್ತಿರ ಬಂದ.

“ಮೇಡಂ, ನಾನು ತಿಮ್ಮಪ್ಪ ಅಂತ. ಕಟ್ಟಾಯದೋನು. ಆಲೂಗೆಡ್ಡೆ ಆಕ್ತೀನಿ.”

“ಹೇಳಿ ತಿಮ್ಮಪ್ಪನವರೇ.”

“ನಂಗೆ ಉಡ್ಗ ಆಗಿದ್ದಾಗಿಂದ್ಲೂ ಇಂಗೇ ಅನ್ಸೋದು, ಮ್ಯಾಲೆ ಯಾರೂ ಇಲ್ಲ ಅಂತ. ಯಾರ್ತಾವೂ ಬಾಯ್ಬುಟ್ಟಿರ್ನಿಲ್ಲ ಕಣವ್ವ. ನಮ್ಮನೆಯೋಳು ಚಿಕ್ಕಮ್ಮನ ತಾವೂ ಏಳಿಲ್ಲ. ನಂಗೇ ಎಲ್ಲೋ ತಲೆ ಕೆಟ್ಟದೆ ಅನ್ಕಂಡಿದ್ದೆ. ಇವತ್ತು ನೀವು ಮೈಕ್ನಾಗೆ ಏಳಿದ್ರಲ್ಲ, ಅದು ನನ್ ಮಾತು. ನನ್ ಒಟ್ಟೆ ಒಳ್ಗಿದ್ದ ಮಾತು.”

ಆ ದಿನ ನಾನೂ ಅವಳ ಜೊತೆ ಬಂದಿದ್ದೆ. ವಾಪಸಾಗುವಾಗ ಬಸ್ಸು ಚನ್ನರಾಯಪಟ್ಟಣದ ಹತ್ತಿರ ಬಂದಾಗ ಶ್ರೀಗೌರಿ, “ಎಲ್ಲರಿಗೂ ಕೇಳಿಸಲಿ ಅಂತ ಮಾತಾಡಿದ್ದೆ, ಯಾರಾದರೂ ನಿಜವಾಗಿ ಕೇಳಿಸಿಕೊಂಡಾರು ಅಂತ ಅಂದುಕೊಂಡಿರಲಿಲ್ಲ ಕಣೇ” ಎಂದಳು. ಅಷ್ಟು ಹೇಳಿ ಮುಂದಿನ ಸಭೆಯ ಕರಪತ್ರ ತೆಗೆದು, ಗಿರಿಧರನ ಹೆಸರು ಸರಿಯಾಗಿ ಅಚ್ಚಾಗಿದೆಯೇ ಎಂದು ನೋಡಿದಳು.

ಎರಡು ವರ್ಷ ಕಳೆದು ತಿಮ್ಮಪ್ಪ ಚನ್ನರಾಯಪಟ್ಟಣದ ಕಾಲೇಜಿಗೇ ಬಂದ. ಅವನ ಹೊಲದ ಬದುವಿನ ಮೇಲೆ ಎರಡು ತೆಂಗಿನ ಮರಗಳಿದ್ದವು. ಪಕ್ಕದ ಹೊಲದವನು ಅವು ತನ್ನವು ಎಂದು ತಕರಾರು ತೆಗೆದಿದ್ದ. ಊರಿನ ಯಜಮಾನರು ಎಂದಿನಂತೆ ಗ್ರಾಮದೇವತೆಯ ಮುಂದೆ ಕರ್ಪೂರ ಹಚ್ಚಿಡುತ್ತೇವೆ ಎಂದಿದ್ದರು. ನನ್ನದು ಸತ್ಯ ಎನ್ನುವವನು ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಬೇಕು. ಆರಿಸಿದವನಿಗೆ ಮರ. ಸುಳ್ಳಾಡಿ ಆರಿಸಿದರೆ ಅಮ್ಮ ನೋಡಿಕೊಳ್ಳುತ್ತಾಳೆ.

ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ತಿಮ್ಮಪ್ಪ ಕೇಳಿದ. “ಮರ ನಮ್ಮಪ್ಪ ನೆಟ್ಟಿದ್ದು ಮೇಡಂ, ಅನುಮಾನ್ವೇ ಇಲ್ಲ. ಅಂಗೈ ಸುಟ್ಟುದ್ರೂ ನಂಗೇನಿಲ್ಲ. ಆದ್ರೆ ಅಲ್ಲಿ ಯಾರೂ ಇಲ್ಲ ಅಂತ ಗೊತ್ತಿದ್ಕಂಡು, ಅವ್ರ ಮುಂದೆ ಆಣೆ ಇಟ್ಟಂಗೆ ಮಾಡ್ಲಾ? ನೀವ್ ಏಳ್ದಂಗೆ ಮಾಡ್ತೀನಿ.”

ಸಹೋದ್ಯೋಗಿಗಳೆಲ್ಲ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದರು. ಜಿಲ್ಲೆಯ ನಾಸ್ತಿಕರ ಪರ ಮಾತಾಡುವವಳು ಹೇಳಬೇಕಾದ ಉತ್ತರ ಒಂದೇ ಇತ್ತು. ಅವಳ ಕೈಚೀಲದಲ್ಲಿ ನುಗ್ಗೇಹಳ್ಳಿಯ ಕುಂಕುಮದ ಪೊಟ್ಟಣ ಇತ್ತು.

“ನಂಬದೇ ಇರುವವರು ನಂಬಿದವರ ಹಾಗೆ ನಟಿಸಬಾರದು ತಿಮ್ಮಪ್ಪನವರೇ” ಎಂದಳು.

“ಅಷ್ಟೇ ಬುಡಿ” ಎಂದು ತಿಮ್ಮಪ್ಪ ಹೊರಟ. ಊರವರೆದುರು, “ನಾನು ನಂಬಾಕಿಲ್ಲ, ಅದ್ಕೇ ಆರ್ಸಾಕಿಲ್ಲ” ಎಂದ. ಪಕ್ಕದ ಹೊಲದವನು ಕರ್ಪೂರ ಆರಿಸಿ ಎರಡೂ ಮರ ತೆಗೆದುಕೊಂಡ. ಚಿಕ್ಕಮ್ಮ ಮೂರು ತಿಂಗಳು ಗಂಡನ ಜೊತೆ ಮಾತು ಬಿಟ್ಟಳು. ತಿಮ್ಮಪ್ಪ ಈ ಸುದ್ದಿಯನ್ನು ಒಂದು ಕಾರ್ಡಿನಲ್ಲಿ ಬರೆಸಿ ಹಾಕಿದ. ಕೊನೆಯಲ್ಲಿ, ‘ಮರ ಹೋದರೂ ಮನಸ್ಸು ಹಗುರಾಗಿದೆ. ತಮ್ಮ ಋಣ’ ಎಂದಿತ್ತು. ಆ ಕಾರ್ಡನ್ನು ಶ್ರೀಗೌರಿ ದೇವರ ಗೂಡಿನಲ್ಲಿ, ದೀಪದ ಕೆಳಗೆ ಇಟ್ಟಳು. ಅದನ್ನು ಇಡಲು ಅವಳಿಗೆ ಬೇರೆ ಜಾಗ ತೋಚಲಿಲ್ಲ. ಭಾಷಣಗಳನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅಪ್ಪ ಆ ವರ್ಷ ಮೆಟ್ಟಿಲಲ್ಲಿ ಮೂರು ಸಲ ನಿಲ್ಲುತ್ತಿದ್ದರು.

೨೦೦೩ರಲ್ಲಿ ಗಿರಿಧರನ ಗಂಟು ಬಿಚ್ಚಿತು. ಒಂದು ಮಠದ ಸ್ವಾಮಿಗಳು ಅವನ ಮನೆಯಲ್ಲಿ ಪಾದಪೂಜೆ ಸ್ವೀಕರಿಸಲು ಒಪ್ಪಿದ್ದರು. ಮನೆಗೆ ಸುಣ್ಣ ಬಳಿಸಿ, ಬೆಳ್ಳಿಯ ಹರಿವಾಣ ತಿಕ್ಕಿಸಿ, ಬೀದಿಗೆಲ್ಲ ಹೇಳಿ ಆಗಿತ್ತು. ನಾಲ್ಕು ದಿನ ಇರುವಾಗ ಮಠದಿಂದ ಕಾಗದ ಬಂತು. ‘ತಾವು ನಾಸ್ತಿಕರ ಬಳಗದಲ್ಲಿ ಗುರುಸ್ಥಾನದಲ್ಲಿರುವುದಾಗಿ ತಿಳಿದುಬಂದಿರುವುದರಿಂದ...’ ಜೊತೆಗೆ ಪತ್ರಿಕೆಯ ತುಣುಕು. ಅದನ್ನು ಮಠಕ್ಕೆ ಕಳಿಸಿದವರು ಯಾರೆಂದು ನನಗೆ ಗೊತ್ತಿಲ್ಲ. ಶ್ರೀಗೌರಿಯನ್ನು ಕೇಳಿದಾಗ, “ಯಾವ ತುಣುಕು?” ಎಂದಳು.

ಮರುವಾರ ಗಿರಿಧರ ಚನ್ನರಾಯಪಟ್ಟಣದಲ್ಲಿ ಅವಳ ಮನೆಯ ಬಾಗಿಲು ತಟ್ಟಿದ. ಕೂದಲೆಲ್ಲ ಬೆಳ್ಳಗಾಗಿತ್ತು.

“ಗೌರಿ, ನನ್ನ ಹೆಸರು ಬಿಟ್ಟುಬಿಡಮ್ಮ.”

“ಕೂತ್ಕೊಳ್ಳಿ ಚಿಕ್ಕಪ್ಪ. ಕಾಫಿ ತರಲಾ?”

“ಸರದಿ ವಾಪಸ್ ಕೊಡಿಸ್ತೀನಿ. ಸಮಿತಿಯಲ್ಲಿ ಹೇಳ್ತೀನಿ, ಚೀಟಿ ಇತ್ತು ಅಂತ. ನಾಲ್ಕು ಗೋಡೆ ಒಳಗೆ ಮುಗಿಸೋಣ.”

“ನಾನು ದೇವರಿಲ್ಲ ಅಂದದ್ದು ಪೇಪರಿನಲ್ಲಿ ಬಂತು. ಚೀಟಿ ಇತ್ತು ಅನ್ನೋದೂ ಪೇಪರಿನಲ್ಲೇ ಬರಲಿ. ಹಾಸನದಲ್ಲಿ ಜನವರಿಗೆ ಸಭೆ ಇದೆ. ಮೈಕು ಇರುತ್ತೆ.”

“ನಿನಗೆ ಕರುಣೆ ಇಲ್ವಾ?”

“ದೇವರೇ ಇಲ್ಲ ಅನ್ನೋಳ ಹತ್ತಿರ ಕರುಣೆ ಹುಡುಕ್ತೀರಲ್ಲ ಚಿಕ್ಕಪ್ಪ,” ಎಂದು ಕಾಫಿ ಲೋಟ ಅವನ ಕೈಗಿಟ್ಟಳು. “ಇನ್ನೊಂದು. ಅರ್ಚಕರ ಮನೆಯವರು ವೇದಿಕೆಯಲ್ಲಿ ಏನು ಮಾತಾಡಿದರೂ ಸರದಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ನಡವಳಿ ಪುಸ್ತಕದಲ್ಲಿ ಬರೀಬೇಕು. ನಿಮ್ಮ ಕೈಯಲ್ಲೇ. ಅಕ್ಷರ ಚೆನ್ನಾಗಿದೆ ನಿಮ್ಮದು.”

ಕಾಫಿ ತಣ್ಣಗಾಗುವವರೆಗೆ ಕೂತಿದ್ದು, ಕುಡಿಯದೆ ಎದ್ದುಹೋದ. ಆದರೆ ಜನವರಿಯಲ್ಲಿ ಬಂದ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ನಂಜುಂಡಯ್ಯನವರು, ಅವರ ಪಕ್ಕದಲ್ಲಿ ನಾನು. ಗಿರಿಧರ ಮೈಕಿನ ಮುಂದೆ ನಿಂತು ಎರಡು ಸಲ ಕೆಮ್ಮಿದ.

“ಹದಿಮೂರು ವರ್ಷದ ಹಿಂದೆ ಈ ಹುಡುಗಿ ದೇವರಿಲ್ಲ ಅಂದದ್ದು ಚೀಟಿ ಎತ್ತಿ. ಚೀಟಿ ಎತ್ತಿಸಿದ್ದು ನಾನು. ಆಮೇಲೆ ಯಾವ ಚೀಟಿ ಅಂದದ್ದೂ ನಾನೇ.”

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಶ್ರೀಗೌರಿ ಕೇಳಿದ್ದೂ ಅಷ್ಟೇ. ಆದರೆ ಮೈಕು ಸಿಕ್ಕಿದವನಿಗೆ ಮೈಮೇಲೆ ಹಿಡಿತ ಇರುವುದಿಲ್ಲ.

“ಇನ್ನೊಂದು ಹೇಳಿಬಿಡ್ತೀನಿ. ಡಬ್ಬದಲ್ಲಿ ಎರಡು ಚೀಟಿ ಇರಲೇ ಇಲ್ಲ. ಒಂದೇ ಇತ್ತು. ‘ಪರ’ ಅನ್ನೋದನ್ನ ನನ್ನ ಮಗನ ಅಂಗೈಯಲ್ಲಿ ಮೊದಲೇ ಇಟ್ಟಿದ್ದೆ. ದೇವರ ಪರ ಮಾತಾಡಿದ್ರೆ ಸೋಲಲ್ಲ ಅಂತ. ಆದರೂ ಅವನು ಸೋತ. ಆ ಹೊಟ್ಟೆಕಿಚ್ಚಿಗೆ ನಂಜುಂಡಣ್ಣನ್ನ... ಇವಳು ನಾಸ್ತಿಕಳೂ ಅಲ್ಲ, ನಾನು ಗುರುವೂ ಅಲ್ಲ.”

ನಗು ಹಿಂದಿನ ಸಾಲಿನಿಂದ ಶುರುವಾಗಿ ಮುಂದೆ ಬಂತು. ಶ್ರೀಗೌರಿ ನಗಲಿಲ್ಲ. ಹದಿಮೂರು ವರ್ಷ ತಾನು ಎತ್ತಿದ್ದು ಅದೃಷ್ಟದ ಚೀಟಿ ಎಂದೇ ಅವಳು ತಿಳಿದಿದ್ದಳು. ನಂಜುಂಡಯ್ಯನವರು ನನ್ನ ಕಡೆ ಬಾಗಿ, “ಅವನ ಮಗನಿಗೆ ಎರಡನೇ ಶ್ಲೋಕ ನಾನೇ ಹೇಳಿಕೊಟ್ಟಿದ್ದೆ” ಎಂದರು. ಮರುದಿನ ಜಿಲ್ಲಾ ಪುಟದಲ್ಲಿ ಬಂತು. ‘ಶ್ರೀಗೌರಿ ನಾಸ್ತಿಕಳಲ್ಲ: ಗಿರಿಧರ ಸ್ಪಷ್ಟನೆ’.

ಆ ಕಾರ್ತೀಕದ ಮೊದಲ ದಿನ ಗಿರಿಧರ ಬೀಗದಕೈ ತಂದು ನಂಜುಂಡಯ್ಯನವರ ಅಂಗೈಯಲ್ಲಿಟ್ಟ. ಬೀದಿಯವರೆಲ್ಲ ನೋಡುವಂತೆ ಜಗಲಿಯ ಮೇಲೇ ಇಡಬೇಕೆಂದು ಶ್ರೀಗೌರಿ ಮೊದಲೇ ಹೇಳಿದ್ದಳು. ಮೊದಲ ಸೋಮವಾರ ಅರವತ್ತೊಂಬತ್ತು ವರ್ಷದ ನಂಜುಂಡಯ್ಯನವರು ಬಿಂದಿಗೆ ಹೊತ್ತು ಹನ್ನೆರಡು ಮೆಟ್ಟಿಲು ಹತ್ತಿದರು. ನಾಲ್ಕು ಸಲ ನಿಂತರು. ಹತ್ತಿದ ಮೇಲೆ ಗುಡಿಯ ಬಾಗಿಲ ಮುಂದೆ ಹಾದುಹೋಗದೆ, ತಿರುಗಿ ಒಳಗೆ ಹೋದರು.

ಅಭಿಷೇಕವಾಗಿ, ಮಂಗಳಾರತಿಯ ಹೊತ್ತಿಗೆ ಗುಡಿಯ ಅಂಗಳ ತುಂಬಿತ್ತು. ಶ್ರೀಗೌರಿ ಹೊಸ್ತಿಲ ಹೊರಗೆ ನಿಂತಿದ್ದಳು. ಅವಳ ಬಲಗಡೆ ಯಾರೋ ಟವಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. ತಿರುಗಿ ನೋಡಿದರೆ ತಿಮ್ಮಪ್ಪ.

“ಪೇಪರ್ನಾಗೆ ಬಂದಿತ್ತು ಮೇಡಂ,” ಎಂದ. “ಓದ್ಸಿ ಕೇಳ್ದೆ. ನಂಬ್ನಿಲ್ಲ. ಆ ಶಿರಸ್ತೇದಾರ್ರು ಸುಳ್ ಏಳೋದು ನಂಗೇನ್ ಒಸ್ದಲ್ಲ. ನನ್ ಕಣ್ಣಾರೆ ನೋಡ್ಕ ಓಗಾನಾ ಅಂತ ಬಂದೆ.”

ಅಷ್ಟರಲ್ಲಿ ನಂಜುಂಡಯ್ಯನವರು ಒಳಗಿಂದ ಆರತಿಯ ತಟ್ಟೆ ಹಿಡಿದು ಬಂದರು. ಕರ್ಪೂರ ಉರಿಯುತ್ತಿತ್ತು. ಹದಿಮೂರು ವರ್ಷದ ಮೇಲೆ ಮೊದಲ ಆರತಿ ಮಗಳಿಗೆ. ತಟ್ಟೆಯನ್ನು ಅವಳ ಮುಂದೆ ಹಿಡಿದು ನಿಂತರು.

ತಿಮ್ಮಪ್ಪ ಅವಳ ಕೈಗಳನ್ನೇ ನೋಡುತ್ತಿದ್ದ. ತೆಗೆದುಕೊಳ್ಳದಿದ್ದರೆ, ಅಂಗಳದ ತುಂಬ ನಿಂತ ಜನರೆದುರು ಅಪ್ಪನ ಆರತಿಗೆ ಅವಮಾನ. ತೆಗೆದುಕೊಂಡರೆ ಪಕ್ಕದಲ್ಲಿ ನಿಂತವನ ಎರಡು ಮರ. ಹಿಂದೆ, ಕಂಬದ ಪಕ್ಕ, ಗಿರಿಧರನೂ ಕತ್ತು ಉದ್ದ ಮಾಡಿದ್ದ.

ಶ್ರೀಗೌರಿ ಎರಡೂ ಅಂಗೈಗಳನ್ನು ಉರಿಯ ಮೇಲೆ ಹಿಡಿದು ಕಣ್ಣಿಗೊತ್ತಿಕೊಂಡಳು.

“ಸರಿ ಬುಡಿ,” ಎಂದ ತಿಮ್ಮಪ್ಪ. ದನಿ ಏರಿಸಲಿಲ್ಲ. “ಕರ್ಪೂರ ಮುಟ್ಬ್ಯಾಡ ಅಂತ ನಂಗೆ ಏಳಿ, ನೀವು ಮುಟ್ಟುದ್ರಿ. ಬತ್ತೀನಿ ಕಣವ್ವ.”

“ತಿಮ್ಮಪ್ಪನವರೇ, ಆ ಮರ...”

“ಮರದ್ ಮಾತು ಬುಡಿ. ಅದು ನಾನ್ ನಂಬ್ದೆ ಇದ್ದಿದ್ಕೆ ಓಯ್ತು, ನಂದೇ ಲೆಕ್ಕ. ನಿಮ್ಮನ್ನ ನಂಬಿದ್ನಲ್ಲ, ಅದುಕ್ಕೇನ್ ಮಾಡಾನಾ?” ಟವಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

“ಯಾರಮ್ಮ ಅವರು?” ಎಂದರು ನಂಜುಂಡಯ್ಯನವರು.

“ನನ್ನ ಭಕ್ತರು ಅಪ್ಪ,” ಎಂದಳು.

ಸಂಘಟಕರ ಫೋನು ಬರುವುದು ನಿಲ್ಲಲಿಲ್ಲ. ಶ್ರೀಗೌರಿ ಗಂಟಲು ಸರಿಯಿಲ್ಲ ಎಂದಳು. ಹಾಗಾದರೆ ಇಲ್ಲ ಎನ್ನಲು ಯಾರು ಎಂದು ಅವರು ಹುಡುಕಿ, ಯಾರೂ ಸಿಕ್ಕದೆ, ಕಟ್ಟಾಯದಲ್ಲಿ ಕರ್ಪೂರ ಆರಿಸದ ರೈತನೊಬ್ಬ ಇದ್ದಾನಂತೆ ಎಂದು ತಿಮ್ಮಪ್ಪನನ್ನು ಕರೆತಂದರು. ೨೦೦೫ರಲ್ಲಿ ಅರಕಲಗೂಡಿನಲ್ಲಿ ಅವನ ಮೊದಲ ಭಾಷಣ. ಶ್ರೀಗೌರಿಗೆ ಅವನೇ ಕಾರ್ಡು ಹಾಕಿದ್ದ, ‘ತಾವು ಬರಲೇಬೇಕು’ ಎಂದು. ಹೋದೆವು. ಮುಂದಿನ ಸಾಲಿನಲ್ಲಿ ಕೂರಿಸಿದರು. ಎರಡು ಕುರ್ಚಿ ಆಚೆ ಗಿರಿಧರ. ಅವನಿಗೂ ಕಾರ್ಡು ಹೋಗಿತ್ತು.

ತಿಮ್ಮಪ್ಪ ಮೈಕನ್ನು ಎರಡು ಕೈಯಲ್ಲೂ ಹಿಡಿದುಕೊಂಡ.

“ನಾನ್ ಮಾತ್ಗಾರ ಅಲ್ಲ. ನಂಬ್ದೆ ಇರೋರು ನಂಬಿರೋರಂಗೆ ನಟ್ನೆ ಮಾಡ್ಬಾರ್ದು ಅಂತ ನಂಗೆ ಏಳ್ಕೊಟ್ಟ ಗುರುಗೋಳು, ಒಳೆನರಸೀಪುರದ ಶ್ರೀಗೌರಿ ಮೇಡಂನೋರು. ಅವ್ರು ಇಲ್ದಿದ್ರೆ ನಾನು ಈ ಸ್ಟೇಜ್ ಮ್ಯಾಲೆ ಇರ್ತಿರ್ನಿಲ್ಲ. ಅಗೋ, ಮುಂದ್ಗಡೇಲೇ ಕುಂತವ್ರೆ. ಎದ್ದೇಳಿ ಮೇಡಂ, ಜನ ನೋಡ್ಲಿ.”

ಅದರಲ್ಲಿಯೂ ಒಂದು ಸುಳ್ಳಿರಲಿಲ್ಲ. ಅಲ್ಲ ಎನ್ನಬೇಕಾದರೆ ಸ್ಟಾಫ್‌ರೂಮಿನ ಬಾಗಿಲಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಬೇಕು. ಶ್ರೀಗೌರಿ ಎದ್ದು ನಿಂತಳು. ಹಣೆಯಲ್ಲಿ ಅಪ್ಪ ಆ ಬೆಳಿಗ್ಗೆ ಇಟ್ಟ ಕುಂಕುಮ ಅಗಲವಾಗಿತ್ತು. ಜನ ಅದನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು. ಅವಳು ಎಲ್ಲ ದಿಕ್ಕಿಗೂ ಕೈಮುಗಿದಳು. ಸರದಿಗೇನೂ ಆಗುವ ಹಾಗಿರಲಿಲ್ಲ, ನಡವಳಿ ಪುಸ್ತಕದಲ್ಲಿ ಗಿರಿಧರ ತನ್ನ ಅಕ್ಷರದಲ್ಲೇ ಬರೆದಾಗಿತ್ತು. ಅವನಿಗೆ ಉಳಿದದ್ದು ಚಪ್ಪಾಳೆ ಮಾತ್ರ. ಅದನ್ನು ಎಲ್ಲರಿಗಿಂತ ಮೊದಲು ಶುರು ಮಾಡಿ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ.

ತಿಮ್ಮಪ್ಪ ಈಗ ವರ್ಷಕ್ಕೆ ಆರೇಳು ಕಡೆ ಮಾತಾಡುತ್ತಾನೆ. ಪ್ರತಿ ಸಲವೂ ಕಾರ್ಡು ಬರುತ್ತದೆ, ಪ್ರತಿ ಸಲವೂ ಎದ್ದು ನಿಲ್ಲಿಸುತ್ತಾನೆ. ಗಂಟಲು ಸರಿಯಿಲ್ಲ ಎಂದು ಕೂತವರಿಗೆ ಹೋಗದಿರಲೂ ಕಾರಣ ಸಿಕ್ಕೀತು ಎಂದು ನಾನು ಹೇಳಿ ನೋಡಿದೆ. ಶ್ರೀಗೌರಿ ಸೀರೆ ನೆರಿಗೆ ಸರಿಮಾಡಿಕೊಂಡು, “ಬಸ್ಸಿಗೆ ಹೊತ್ತಾಯ್ತು, ನಡಿಯೇ” ಎಂದಳು. ಇದುವರೆಗೆ ಅವಳು ಒಂದನ್ನೂ ತಪ್ಪಿಸಿಲ್ಲ.